ಘಡಿ ಮುರಿದುಕೊಟ್ಟ ಉಪಕಾರ

ಮೊನ್ನೆ ನವಿ ಮುಂಬಯಿಯ ಕೋಪರಖೈರಣೆಯ ಅಂಗಡಿಯಲ್ಲಿ ಬಟ್ಟೆಯ ಕಪಾಟಿಗೆಂದು ನುಸಿಗುಳಿಗೆ ಕೊಂಡೆ. ಪೊಟ್ಟಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಡೊಂಬಿವಲಿಯ ನಮ್ಮ ಹಳೆಯ ಬಿಲ್ಡಿಂಗ್, ಕೆಳಗಿನ ಮನೆಯ ಆಂಟಿ, ಅವರ ಆ ಕೆಂಪು ರೇಷ್ಮೆ ಸೀರೆ... ಅಬ್ಬಾ, ನಡುರಸ್ತೆಯಲ್ಲಿ ಒಬ್ಬಳೇ ನಗುತ್ತ ನಿಂತುಬಿಟ್ಟೆ!

ಆಂಟಿ ಉಡುಪಿ ಕಡೆಯವರು; ಗಂಡನದು ಸ್ಟೇಷನ್ ಹತ್ತಿರ ಹೋಟೆಲು. ನಮ್ಮ ಅಕ್ಕನ ಮದುವೆ ಗೊತ್ತಾದ ತಿಂಗಳಲ್ಲೇ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿದ್ದ ಅಪ್ಪನ ಕಂಪನಿಗೆ ಬೀಗ ಬಿತ್ತು. ಧಾರೆಗೆ ಗಂಡಿನ ಕಡೆಯ ಸೀರೆಯಿತ್ತು, ರಿಸೆಪ್ಶನ್ನಿನದು ನಮ್ಮ ಪಾಲು. ಅಕ್ಕ ಸಾದಾ ಸೀರೆಯುಟ್ಟು ನಿಂತರೆ ಬೀಗರ ಮುಂದೆ ಮರ್ಯಾದೆ ಏನಾಗಬೇಕು? ಅಮ್ಮನೋ ಮಹಾ ಸ್ವಾಭಿಮಾನಿ. ಸಹಾಯ ಮಾಡಲು ಬಂದ ಸ್ವಂತ ಅಣ್ಣನಿಗೇ ಚಹಾ ಕುಡಿಸಿ ವಾಪಸ್ ಕಳಿಸಿದ್ದಳು. ಅಕ್ಕ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು.

ಆಗ ಬಂದರು ಆಂಟಿ, ಕಂಕುಳಲ್ಲಿ ನುಸಿಗುಳಿಗೆಯ ವಾಸನೆಯ ಆ ಕೆಂಪು ಸೀರೆ ಇಟ್ಟುಕೊಂಡು. ಹೊಸ ಸೀರೆಯನ್ನು ಮೊದಲ ಸಲ ಉಡುವುದಕ್ಕೆ ಮರಾಠಿಯವರು ಘಡಿ ಮುರಿಯುವುದು ಎನ್ನುತ್ತಾರೆ. ನಮ್ಮ ಬಿಲ್ಡಿಂಗಿನ ಕನ್ನಡಕ್ಕೂ ಆ ಮಾತು ಅಂಟಿಕೊಂಡಿತ್ತು.

"ರೇಷ್ಮೆ ಉಡದೆ ಇಟ್ರೆ ಮಡಚಿದಲ್ಲೇ ಬಿರಿತದೆ ಮಾರಾಯ್ತಿ. ನನಗೀಗ ಇಷ್ಟು ಭಾರದ್ದು ಉಡ್ಲಿಕ್ಕೆ ಆಗುದಿಲ್ಲ. ನಿನ್ನ ಮಗಳು ಒಮ್ಮೆ ಘಡಿ ಮುರಿದು ಕೊಟ್ರೆ ನನಗೊಂದು ಉಪಕಾರ."

ಅಮ್ಮ ಸೀರೆಯನ್ನು ಕೈಗೆ ತೆಗೆದುಕೊಂಡು ಸವರಿದಳು. ಅಷ್ಟು ಕಷ್ಟವಿದ್ದರೆ ಉಡಲಿ ಬಿಡಿ ಎಂದಳು, ತಾನೇ ದೊಡ್ಡ ಮನಸ್ಸು ಮಾಡಿದವಳ ಹಾಗೆ! ನನಗೆ ಅಲ್ಲೇ ಕುಣಿಯಬೇಕೆನಿಸಿತು.

ರಿಸೆಪ್ಶನ್ ನಮ್ಮ ಕನ್ನಡ ಸಂಘದ ಹಾಲ್‌ನಲ್ಲಿ. ಹಿಂದೆ ರಾಜರು ದಾನ ಕೊಟ್ಟರೆ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರಂತೆ. ನಮ್ಮವರು ಫ್ಯಾನ್ ಕೊಟ್ಟು ರೆಕ್ಕೆಯ ಮೇಲೇ ಹೆಸರು ಬರೆಸಿದ್ದರು. ದಾನಿಗಳೆಲ್ಲ ತಲೆಯ ಮೇಲೆ ಗಿರಗಿರ ತಿರುಗುತ್ತಿದ್ದರು. ಕೆಳಗೆ ನಮ್ಮಕ್ಕ, ಏನು ಕಳೆ ಅಂತೀರಿ! ಬಿಲ್ಡಿಂಗಿನ ಮೇಲಿನ ಮಹಡಿಯ ಸೊಸೆಯೊಬ್ಬಳು ವೇದಿಕೆಗೆ ಬಂದು, ಅಕ್ಕನ ಸೆರಗು ಸರಿಮಾಡುವ ನೆವದಲ್ಲಿ ಜರಿಯನ್ನು ಸವರಿ ನಕ್ಕು ಹೋದಳು. ಹಿಂದಿನ ಗಲ್ಲಿಯವಳೂ ಹಾಗೆಯೇ ಮಾಡಿದಳು. ಆಮೇಲೆ ಮತ್ತೊಬ್ಬಳು... ಆಗ ಹೊಳೆಯಿತು ನೋಡಿ. ಇವರೆಲ್ಲ ತಂತಮ್ಮ ಮದುವೆಯಲ್ಲಿ ಇದೇ ಸೀರೆಯ ಘಡಿ ಮುರಿದುಕೊಟ್ಟವರು! ಒಂದೇ ಸೀರೆಯ ಘಡಿ ಎಷ್ಟು ಸಲ ಮುರಿಯುತ್ತದೆ ಸ್ವಾಮಿ? ಒಬ್ಬಳೂ ಬಾಯಿ ಬಿಡಲಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅನ್ನುತ್ತಾರಲ್ಲ, ಆಂಟಿ ಪಡೆದವರಿಗೇ ಗೊತ್ತಾಗದ ಹಾಗೆ ಕೊಡುತ್ತಿದ್ದರು. ಅವರು ಊಟದ ಸಾಲಿನಲ್ಲಿ ಕೂತು ಮತ್ತೊಂದು ಸೌಟು ಪಾಯಸ ಹಾಕಿಸಿಕೊಳ್ಳುತ್ತಿದ್ದರು.

ಆಂಟಿ ಈಗಿಲ್ಲ... ಹೋದ ವರ್ಷ ತೀರಿಕೊಂಡರು. ಮೊನ್ನೆ ನುಸಿಗುಳಿಗೆ ಹಿಡಿದು ಮನೆಗೆ ಬಂದವಳೇ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಗುಟ್ಟನ್ನು ಅಮ್ಮನ ಮುಂದೆ ಸುರಿದೆ. ಬೀನ್ಸ್ ಮುರಿಯುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ.

"ಘಡಿ ಮುರಿಯದ ರೇಷ್ಮೆ ಅಷ್ಟು ಮೆತ್ತಗೆ ಇರ್ತದಾ? ಮುಟ್ಟಿದಾಗಲೇ ಗೊತ್ತಾಗಿತ್ತು ನನಗೆ," ಎಂದಳು. ಆಮೇಲೆ ಅವಳ ಕೈ ನಿಂತಿತು. "ಆದ್ರೆ ಆ ವರ್ಷ ನಮ್ಮ ಹತ್ರ ಒಂದು ಉಪಕಾರ ಅಂತ ಕೇಳಿ ಬಂದವರು ಅವರೊಬ್ಬರೇ."