ಕದಿರಮ್ಮನ ಸೋಜಿಗ

ಕ್ಯಾಲನೂರಿನ ಕದಿರಮ್ಮನ ಬಾಯಲ್ಲಿ ಹಲ್ಲು ಕಡಿಮೆ, ಸೋಜಿಗ ಜಾಸ್ತಿ. ಎಮ್ಮೆ ಹೆಣ್ಣುಗರು ಹಾಕಿದರೂ ಸೋಜಿಗ, ಗಂಡುಗರು ಹಾಕಿದರೂ ಸೋಜಿಗ. ಅವಳು "ಸೋ..." ಎಂದು ರಾಗ ಎಳೆದು "ಗ" ಮುಟ್ಟುವಷ್ಟರಲ್ಲಿ, ಕೋಲಾರಕ್ಕೆ ಹೋದವರು ಸಂತೆ ಮುಗಿಸಿ ಬಂದಿರುತ್ತಿದ್ದರು.

"ನಂಬೋಕಾಗದ್ದಕ್ಕೆ ಸೋಜಿಗ ಅಂತಾರೆ ಕಣಕ್ಕಾ. ಬಸ್ಸು ಬಂದಿದ್ದಕ್ಕೆಲ್ಲ ಅಂತಾರಾ?" ಎಂದು ತಮ್ಮ ಸುಬ್ಬರಾಯಪ್ಪ ರೇಗಿದ.

"ಎಂಟು ಗಂಟೆ ಬಸ್ಸು ಎಂಟಕ್ಕೇ ಬಂತು ಕಣೋ. ನೀನು ನಂಬ್ತೀಯಾ?"

ಸುಬ್ಬರಾಯಪ್ಪ ಕಣ್ಣಾರೆ ನೋಡಲು ರಸ್ತೆಗೆ ಓಡಿದ.

ಎಂಬತ್ತೊಂದನೇ ಇಸವಿಯಲ್ಲಿ ಅಕ್ಕ-ತಮ್ಮ ಒಟ್ಟಿಗಿದ್ದ ಆ ಮನೆಗೆ ರೇಷ್ಮೆ ಹುಳು ಬಂದವು, ಕದಿರಮ್ಮನಿಗೆ ಕಷ್ಟವೂ ಬಂತು. ಹುಳುಮನೆಯಲ್ಲಿ ಯಾರೂ ಬೆರಗಾಗಿ ಮಾತಾಡಬಾರದು, ದೃಷ್ಟಿ ತಾಗಿ ಹುಳು ಗೂಡು ಕಟ್ಟದೆ ಹೋಗ್ತವೆ ಅನ್ನೋದು ಆ ಕಡೆಯ ನಂಬಿಕೆ. ಸುಬ್ಬರಾಯಪ್ಪನ ಹೆಂಡತಿ ಅನಸೂಯಮ್ಮ ಬಾಗಿಲಿಗೆ ಅಡ್ಡ ನಿಂತಳು. ಹಿಪ್ಪುನೇರಳೆ ಸೊಪ್ಪು ಹೊರೋದು ಕದಿರಮ್ಮ, ಒಳಗೆ ಹೋಗೋದು ಮಿಕ್ಕವರು. ಹುಳು ಮೇಯುವ ಸದ್ದು ಹುಲ್ಲಿನ ಮೇಲೆ ಮಳೆ ಬಿದ್ದಂತೆ. ಪಾಪ, ಗೋಡೆಗೆ ಕಿವಿಯಿಟ್ಟು ಅದನ್ನೇ ಕೇಳುತ್ತಿದ್ದಳು.

ಹುಳು ಮೇವು ಬಿಟ್ಟು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಟ್ಟ ದಿನ ಅವಳಿಗೆ ತಡೆಯಲಾಗಲಿಲ್ಲ.

"ಸೊಪ್ಪು ಹೊತ್ತು ಹೊತ್ತು ನನ್ನ ಕತ್ತು ಗೇಣುದ್ದ ಒಳಗಿಳಿದಿದೆ. ಒಂದ್ಸಲ ನೋಡ್ತೀನಿ ಕಣೇ."

"ಬಾಯಿ?"

"ಎಲೆಅಡಿಕೆ ತುಂಬ್ಕೋತೀನಿ."

"ಅಯ್ಯೋ ದೇವುಡಾ! ನಿಮ್ಮ ಹೊಗೆಸೊಪ್ಪಿನ ಗಾಳಿಗೇ ಹುಳ ಸಾಯ್ತವೆ ಅತ್ತಿಗೆ!"

ಕದಿರಮ್ಮ ಬಾಯಿ ತೊಳೆದು, ಗಡಿಗೆಗೆ ಚೊಂಬು ಅದ್ದಿ, ಬಾಯಿತುಂಬ ನೀರು ತುಂಬಿಕೊಂಡಳು. ಎರಡು ಕೆನ್ನೆ ಎರಡು ಕುಂಬಳಕಾಯಿ. ಒಳಗೆ ಹೋದಳು.

ಹುಳುಗಳು ಜೇನಿನ ಬಣ್ಣಕ್ಕೆ ತಿರುಗಿ, ತಲೆ ಆಡಿಸುತ್ತಾ ತಮ್ಮ ಬಾಯಿಂದಲೇ ಎಳೆ ತೆಗೆದು ತಮ್ಮ ಸುತ್ತ ಮನೆ ಕಟ್ಟಿಕೊಳ್ಳುತ್ತಿದ್ದವು. ಕದಿರಮ್ಮನ ಕಣ್ಣು ಗುಡ್ಡೆ ಸಮೇತ ಹೊರಗೆ ಬಂದವು. ಬಾಯೊಳಗೆ ಸಮುದ್ರದಂತೆ ಅಲೆ ಎದ್ದಿತು. ತುಟಿ ಮಾತ್ರ ಬಿಚ್ಚಲಿಲ್ಲ.

ಅನಸೂಯಮ್ಮ ಹುಳ ನೋಡುವುದು ಬಿಟ್ಟು ಅವಳನ್ನೇ ನೋಡುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಆ ಬಾಯಿ ಇಷ್ಟು ಹೊತ್ತು ಮುಚ್ಚಿದ್ದನ್ನು ಕಂಡವಳಲ್ಲ.

"ಅಬ್ಬಬ್ಬಾ, ಸೋಜಿಗ ಕಣತ್ತಿಗೆ!" ಎಂದುಬಿಟ್ಟಳು. ಅಂದಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ಬಾಗಿಲಲ್ಲಿ ಸುಬ್ಬರಾಯಪ್ಪ ಹಣೆ ಚಚ್ಚಿಕೊಂಡ.

ಕದಿರಮ್ಮ ಗಟಗಟ ನೀರು ನುಂಗಿದಳು. "ನಡಿಯಮ್ಮಾ ಆಚೆ," ಎಂದಳು. "ನಿನ್ನ ಬಾಯಿ ಒಳ್ಳೇದಲ್ಲ. ಹುಳ ನಾನು ನೋಡ್ಕೋತೀನಿ."

ಗೂಡು ಎಷ್ಟು ಗಟ್ಟಿ ಬಂದವೆಂದರೆ, ಒಂದನ್ನು ಬೀಸಿ ಎಸೆದಿದ್ದರೆ ಮುಳಬಾಗಿಲಲ್ಲಿ ಕಾಗೆ ಬೀಳುತ್ತಿತ್ತು. ಮುಂದಿನ ಬೆಳೆಗೆ ಸೊಪ್ಪು ಹೊತ್ತವಳು ಅನಸೂಯಮ್ಮ, ಅದೂ ಬಾಗಿಲ ತನಕ.