ಅಡುಗೆಮನೆ ಗೋಡೆಯ ನೇರಳೆ ಗಿಳಿಗಳು

ಇವತ್ತು ಬೆಳಗ್ಗೆ ದೆಹಲಿಯ ದ್ವಾರಕಾದ ನಮ್ಮ ಫ್ಲ್ಯಾಟಿನಲ್ಲಿ ಕಾಫಿಗಿಂತ ಮೊದಲು ಮೂಗಿಗೆ ಬಡಿದದ್ದು ಸ್ಟಾಂಪ್ ಪ್ಯಾಡಿನ ಶಾಯಿಯ ವಾಸನೆ. ಊಟದ ಮೇಜಿನ ತುಂಬ ತೆಂಗಿನ ಚಿಪ್ಪು, ಒಣಗಿದ ಹೀರೇಕಾಯಿ ನಾರು. ನನ್ನಾಕೆ ಹಳೆಯ ದೋಸೆ ಕಾವಲಿಗೆ ಬಿಳಿ ಬಣ್ಣ ಬಳಿದು, ರಬ್ಬರ್ ಅಚ್ಚಿನಿಂದ ಮಲ್ಲಿಗೆ ಮೊಗ್ಗು ಒತ್ತಿ, ಸುತ್ತ ಸೀರೆಯ ಜರಿ ಅಂಟಿಸುತ್ತಿದ್ದಳು. ಸೊಸೈಟಿಯ ಹೆಂಗಸರು ಇದನ್ನು ಮಿಕ್ಸೆಡ್ ಮೀಡಿಯಾ ಅನ್ನುತ್ತಾರಂತೆ. ಹಿಂದೆ ನಾನು ಇದಕ್ಕಿಟ್ಟಿದ್ದ ಹೆಸರನ್ನು ಇಲ್ಲಿ ಬರೆಯುವ ಧೈರ್ಯವಿಲ್ಲ. ಆಕೆಗೂ ಓದಲು ಬರುತ್ತದೆ.

ಠಸ್ಸೆಯ ವಿಷಯದಲ್ಲಿ ನನ್ನನ್ನು ನೀವು ಹಗುರಾಗಿ ಎಣಿಸಬಾರದು. ಕೇಂದ್ರ ಸರ್ಕಾರದ ಗುಮಾಸ್ತನಾಗಿ ಜೀವಮಾನವಿಡೀ ಒತ್ತಿದವನು. ಕಾಗದದ ಮೇಲೆ ಮಾತ್ರ, ಎಡಮೂಲೆಯಲ್ಲಿ, ಓರೆಯಾಗದಂತೆ. ಒಮ್ಮೆ ನಮ್ಮ ವಿಭಾಗದ ಹೆಸರು ಬದಲಾಗಿ ಹಳೇ ಠಸ್ಸೆಗಳೆಲ್ಲ ಕಸದ ಬುಟ್ಟಿಗೆ ಬಿದ್ದವು. ಮಗಳು ಆಡಿಕೊಳ್ಳಲಿ ಎಂದು ನಾಲ್ಕೈದನ್ನು ಆಗ ನಾವಿದ್ದ ಲೋಧಿ ಕಾಲೋನಿಯ ಕ್ವಾರ್ಟರ್ಸಿಗೆ ತಂದೆ. ಅವು ಸಿಕ್ಕಿದ್ದು ಅವಳ ತಾಯಿಯ ಕೈಗೆ. ನನ್ನ ಶೇವಿಂಗ್ ಬ್ಲೇಡಿನಿಂದ ರಬ್ಬರಿನ ಬೆನ್ನು ಕೆತ್ತಿ, 'ಅರ್ಜೆಂಟ್' ಅನ್ನು ಗಿಳಿ ಮಾಡಿದಳು, 'ಕಾನ್ಫಿಡೆನ್ಶಿಯಲ್' ಅನ್ನು ಮಲ್ಲಿಗೆ ಮೊಗ್ಗು.

ಮಗಳಿಗೆ ಆಟದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಅದಕ್ಕೇ ನನ್ನಾಕೆ ಒಂದು ಪದ್ಧತಿ ಹಾಕಿದಳು: ಮಗಳು ಒಂದು ಹೊಸ ಕನ್ನಡ ಮಾತು ಆಡಿದರೆ ಅಡುಗೆಮನೆಯ ಗೋಡೆಗೆ ಒಂದು ಗಿಳಿ, ಅದರ ಕೆಳಗೆ ಪೆನ್ಸಿಲಿನಲ್ಲಿ ಆ ಮಾತು. ಮೊದಲನೆಯದು "ಬೇಡ." ಬೆಂಡೆಕಾಯಿ ಪಲ್ಯಕ್ಕೆ ಹೇಳಿದ್ದು. ಆಮೇಲೆ "ಸೆಖೆ", "ಕಚಗುಳಿ", "ಹೋಗೇ". ವರ್ಷಗಳು ಕಳೆದಂತೆ ನೇರಳೆ ಗಿಳಿಗಳು ಸೂರಿನವರೆಗೂ ಹತ್ತಿದವು. ಸರ್ಕಾರಿ ಗೋಡೆಯಲ್ಲವೇ ಎಂದು ನನ್ನ ಎದೆ ಮಾತ್ರ ಹೊಡೆದುಕೊಳ್ಳುತ್ತಿತ್ತು.

ನಿವೃತ್ತಿಯಾಗಿ ಮನೆ ಬಿಡುವ ಕಾಲ ಬಂತು. ಮಾರನೆಯ ದಿನ ತಪಾಸಣೆ. ನಾನು ಸುಣ್ಣದ ಬಕೀಟು ಹಿಡಿದು ನಿಂತೆ.

"ಬೇಡ ರೀ," ಅಂದಳು. "ಒಂದು ಫೋಟೋನಾದ್ರೂ ತೆಗೆದುಕೊಳ್ಳೋಣ."

"ನಮ್ಮ ತಪ್ಪಿಗೆ ನಾವೇ ಸಾಕ್ಷಿ ಇಟ್ಕೊಳ್ಳೋದಾ?" ಅಂದೆ.

ಎರಡು ಕೈ ಸುಣ್ಣ ಹೊಡೆದೆ. ಆಕೆ ಪಾತ್ರೆ ಕಟ್ಟುತ್ತಾ ಕೂತಿದ್ದಳು, ತಿರುಗಿ ನೋಡಲಿಲ್ಲ.

ತಪಾಸಣೆಯವನು ನಡುಮನೆಯಲ್ಲೇ ಕೂತು ಚಹಾ ಕುಡಿದ. "ಕಿಚನ್? ಅಚ್ಛಾ, ಠೀಕ್ ಹೀ ಹೋಗಾ," ಎಂದು ಎದ್ದೂ ನೋಡದೆ ಕಾಗದಕ್ಕೆ ಠಸ್ಸೆ ಒತ್ತಿದ, ಅದೂ ಓರೆಯಾಗಿ. ಹೊಸಬರು ಬರುವ ಮುಂಚೆ ಇಲಾಖೆಯೇ ಸುಣ್ಣ ಹೊಡೆಸುತ್ತದೆಂದು ಹೋಗುವಾಗ ಹೇಳಿ ಹೋದ. ನಿಯಮ ಪಾಲಿಸಿದವನಿಗೆ ಸಿಗಬೇಕಾದ ಬಹುಮಾನ ನನಗೆ ಸಿಕ್ಕಿತು.

ಈ ಫ್ಲ್ಯಾಟಿಗೆ ಬಂದಮೇಲೆ ಆಕೆ ಚಿಪ್ಪು, ಕಲ್ಲು, ಕಾವಲಿ, ಏನು ಸಿಕ್ಕರೂ ಅದರ ಮೇಲೆ ಒತ್ತಿದಳು. ಗೋಡೆ ಮುಟ್ಟಲಿಲ್ಲ. ಗಿಳಿಯ ಅಚ್ಚನ್ನೂ ಹೊರಗೆ ತೆಗೆಯಲಿಲ್ಲ. ಮಗಳು ಈಗ ಫೋನಿನಲ್ಲಿ ಹಿಂದಿಯಲ್ಲೇ ಮಾತಾಡುತ್ತಾಳೆ. ನಾನು ಅಳಿಸಿದ್ದು ಏನೆಂದು ನನಗೆ ಗೊತ್ತಿದೆ. ಇಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

"ತಪ್ಪು ಮಾಡಿದೆ ಕಣೇ," ಅಂದೆ ಇವತ್ತು. "ಇದು ನಮ್ಮದೇ ಗೋಡೆ. ಒತ್ತು."

ಆಕೆ ತಲೆ ಎತ್ತಲಿಲ್ಲ. "ಅರ್ಜಿ ಬರೆದುಕೊಡಿ."

ಬರೆದುಕೊಟ್ಟೆ, ಸವಿನಯ ಪ್ರಾರ್ಥನೆಯೊಂದಿಗೆ. ಆಕೆ ಎರಡು ಸಲ ಓದಿದಳು. ಒಳಗೆ ಹೋಗಿ ಸವೆದ ಗಿಳಿಯ ಅಚ್ಚು ತಂದು ಎಡಮೂಲೆಯಲ್ಲಿ ಒತ್ತಿದಳು. ಕೆಳಗೆ ಪೆನ್ಸಿಲಿನಲ್ಲಿ ಒಂದೇ ಮಾತು ಬರೆದು ಕೈಗಿಟ್ಟಳು: "ಬೇಡ."

ಅರ್ಜಿ ತಿರಸ್ಕೃತವಾಗಿರಬಹುದು. ಆದರೂ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಲೋಧಿ ಕಾಲೋನಿಯ ಗೋಡೆಯಲ್ಲೂ ಮೊದಲ ಗಿಳಿಯ ಕೆಳಗೆ ಇದ್ದದ್ದು ಅದೇ ಮಾತು.