ಪವರ್ ಕಮ್ಮಿ ಮಾಡಿಸಲು ಹೋದ ಗಂಗರತ್ನಮ್ಮ

ಯಶವಂತಪುರದ ಗಂಗರತ್ನಮ್ಮ ಮೊಸರಲ್ಲಿ ಕಲ್ಲು ಹುಡುಕುವ ಹೆಂಗಸು. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ಇನ್ನೂ ಹೆಚ್ಚು ಬೆರೆಸಿದ್ದಾನೆ ಎನ್ನುವವಳು. ಅವಳ ಕಸುಬೂ ಕಲ್ಲು ಹುಡುಕುವುದೇ. ವೆಂಕಟೇಶಪ್ಪನ ಹೋಟೆಲಿನಿಂದ ಬರುವ ಅಕ್ಕಿ, ಬೇಳೆಯನ್ನು ಮೊರದಲ್ಲಿ ಕೇರಿ, ಕಲ್ಲು ಆರಿಸಿ ಕಳಿಸಬೇಕು.

ನಯಾಪೈಸೆ ಬಂದ ಹೊಸತರಲ್ಲಿ ಅವಳ ಕಣ್ಣು ಮಂಜಾಗತೊಡಗಿತು. ಕನ್ನಡಕ ಹಾಕಿಸಿಕೊಂಡಳೇ? ಉಂಟೇ! ಈಯಮ್ಮನ ಕಣ್ಣು ಹೋಯಿತೆಂದು ವೆಂಕಟೇಶಪ್ಪ ಕೆಲಸವನ್ನೇ ಬೇರೆಯವರಿಗೆ ಕೊಟ್ಟುಬಿಟ್ಟರೆ? ಅದಕ್ಕೇ, ಗೂಡ್ಸ್ ಶೆಡ್ಡಿನಿಂದ ಬಂದ ಗಂಡ ಹನುಮಯ್ಯ ಅಡ್ಡಾದ ಕೂಡಲೇ ಅವನ ಕನ್ನಡಕವನ್ನು ಮೆಲ್ಲಗೆ ಎತ್ತಿಕೊಂಡು, ಬಾಗಿಲು ಮುಂದೆ ಮಾಡಿ ಕಲ್ಲು ಆರಿಸುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆಯಿತು. ಗಂಡನಿಗೂ ಗೊತ್ತಿಲ್ಲವೆಂದೇ ಅವಳ ಲೆಕ್ಕ.

ಈ ಸಲ ಅದೇ ಫ್ರೇಮಿಗೆ ಹೊಸ ಗಾಜು ಬಂತು. ಹಾಕಿಕೊಂಡರೆ ಮೊರವೇ ತೇಲಾಡುತ್ತದೆ, ತಲೆ ಸುತ್ತುತ್ತದೆ. ಹೋಟೆಲಿನಲ್ಲಿ ಯಾರದೋ ಹಲ್ಲಿಗೆ ಕಲ್ಲು ಸಿಕ್ಕಿತು. "ಇನ್ನೊಂದ್ ಸಲ ಹಿಂಗಾದ್ರೆ ಬೇರೆಯೋರ್ನ ನೋಡ್ಕೋತೀನಿ" ಎಂದು ವೆಂಕಟೇಶಪ್ಪ ಹೇಳಿ ಕಳಿಸಿದ. ಗಂಡನೋ, ಎಷ್ಟೋ ಕಾಲದ ಮೇಲೆ ಪೇಪರು ತಂದು ಮೂಲೆಯಲ್ಲಿ ಕೂತು ತನ್ನಷ್ಟಕ್ಕೆ ನಗುತ್ತಾನೆ. ಕನ್ನಡಕದಂಗಡಿಯವನೂ ಇವನೂ ಸೇರಿ ಏನೋ ಹೂಡಿದ್ದಾರೆಂದು ಅವಳಿಗೆ ಅನುಮಾನ ಹತ್ತಿತು.

ಭಾನುವಾರ ಗಂಡ ಮಲಗಿದ್ದಾಗ ಕನ್ನಡಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಅತಾವುಲ್ಲಾ ಸಾಹೇಬರ ಕನ್ನಡಕದ ಅಂಗಡಿಗೆ ಹೊರಟಳು. ಅಂಗಡಿ ಹೋಟೆಲಿನ ಎದುರಿಗೇ. ವೆಂಕಟೇಶಪ್ಪ ಗಲ್ಲಾದಲ್ಲಿ ಕೂತಿದ್ದ. ಅವನ ಕಣ್ಣಿಗೆ ಬೀಳದಂತೆ ತಲೆ ಬಗ್ಗಿಸಿ ಒಳಗೆ ನುಗ್ಗಿದಳು.

"ಇದರ ಪವರ್ ಕಮ್ಮಿ ಮಾಡ್ಕೊಡಿ ಸಾಬ್ರೇ. ನಮ್ಮ ಯಜಮಾನ್ರಿಗೆ ಆಗ್ತಿಲ್ಲ."

ಸಾಹೇಬರು ತಲೆಯೆತ್ತದೆ ಗಾಜು ಒರೆಸುತ್ತಲೇ ಇದ್ದರು. "ಪವರ್ ಅಂದ್ರೆ ಸಾರಿನ ಉಪ್ಪೇನಮ್ಮಾ, ಬೇಕಾದಂಗೆ ಹಾಕೋಕೆ? ನಂಬರ್ ಸರಿಯಾಗೈತೆ. ಹೋಗಿ."

"ದಪ್ಪ ಗಾಜು ಮಾರಿದ್ರೆ ನಿಮಗೆ ಲಾಭ. ಗೊತ್ತಿಲ್ವಾ ನಂಗೆ?"

"ಹಂಗಾದ್ರೆ ಅವ್ರನ್ನೇ ಕರ್ಕೊಂಡ್ ಬನ್ನಿ."

"ಅವ್ರಿಗೆ ಪುರುಸೊತ್ತಿಲ್ಲ."

"ಕಣ್ಣು ಅವ್ರದೇ ತಾನೇ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. "ಮತ್ತಿನ್ಯಾರದು? ನನ್ನ ಕಣ್ಣಿಗೇನಾಗಿದೆ?" ಎಂದು ರೇಗಿಯೇಬಿಟ್ಟಳು.

ಸಾಹೇಬರು ಬಟ್ಟೆ ಕೆಳಗಿಟ್ಟು ಅವಳನ್ನು ದಿಟ್ಟಿಸಿದರು. "ಅಮ್ಮಾ, ಹನುಮಯ್ಯನೋರು ಬಂದಾಗೆಲ್ಲ ಇದೇ ಜಗಳ. ಪವರ್ ಏರಿಸ್ಬೇಡಿ, ಹಳೇದೇ ಇರ್ಲಿ ಅಂತ. ಯಾಕ್ರೀ ಅಂದ್ರೆ, ಏರಿಸಿದ್ರೆ ನಮ್ಮನೇಲಿ ಇನ್ನೊಬ್ರಿಗೆ ಕಾಣಲ್ಲ ಅಂತಾರೆ. ಈ ಸಲ ನಾನು ಕೊಟ್ಟ ಚೀಟೀನೂ ಓದೋಕಾಗ್ಲಿಲ್ಲ ಅವ್ರಿಗೆ. ಅದಕ್ಕೇ ಅವ್ರಿಗೆ ಹೇಳ್ದೇನೇ ಸರಿಯಾದ್ದು ಹಾಕ್ಬಿಟ್ಟೆ."

ಗಂಗರತ್ನಮ್ಮನಿಗೆ ಪೇಪರಿನ ಸಂಗತಿ ಹೊಳೆಯಿತು. "ಪೇಪರ್‌ನಲ್ಲಿ ಬರೀ ಸುಳ್ಳು ಕಣೇ, ದುಡ್ಡು ದಂಡ" ಎಂದು ಹಿಂದೊಮ್ಮೆ ಗಂಡ ಪೇಪರು ಬಿಟ್ಟಿದ್ದ. ಜಿಪುಣ ಎಂದು ಅವಳು ಬೀದಿಯೆಲ್ಲ ಆಡಿಕೊಂಡಿದ್ದಳು. ಈಗ ನಾಚಿಕೆಯಾಯಿತು.

ತಿರುಗಿ ನೋಡಿದಳು. ಎದುರು ಗಲ್ಲಾದಿಂದ ವೆಂಕಟೇಶಪ್ಪ ಇತ್ತಲೇ ನೋಡುತ್ತಿದ್ದ. ಸಾಹೇಬರಿಗೆ ಅರ್ಥವಾಯಿತೋ ಏನೋ, "ಬಾಗಿಲು ಮುಂದೆ ಮಾಡ್ಲಾ ಅಮ್ಮಾ?" ಎಂದರು.

"ಬೇಡ. ನೋಡಿದ್ರೆ ನೋಡ್ಲಿ." ಗಂಡನ ಕನ್ನಡಕವನ್ನು ಮತ್ತೆ ಸೆರಗಿಗೆ ಸುತ್ತಿ, ಸ್ಟೂಲು ಎಳೆದುಕೊಂಡು ಕಣ್ಣು ಪರೀಕ್ಷೆಯ ಬೋರ್ಡಿನೆದುರು ಕೂತಳು. "ಅವ್ರದ್ದು ಹಂಗೇ ಇರ್ಲಿ ಸಾಬ್ರೇ. ನನ್ನ ಕಣ್ಣು ನೋಡಿ."